ಕತ್ತಲ ಕಡಲಿಗೆ ಟಾರ್ಚ್ ಹಿಡಿದು ಇಳಿದಾಗ: ರಾತ್ರಿ ಡೈವಿಂಗ್‌ನ ಪರಿಸರದ ಲೆಕ್ಕ

ಕೆರಿಬಿಯನ್ ಸಮುದ್ರದ ಸೇಂಟ್ ಲೂಸಿಯಾ ದ್ವೀಪದಲ್ಲಿ ಸಂಶೋಧಕರು 353 ಸ್ಕೂಬಾ ಡೈವರ್‌ಗಳನ್ನು ನೀರಿನೊಳಗೆ ಗಮನಿಸುತ್ತಾ, ಅವರ ಕೈ, ಕಾಲು ಮತ್ತು ಉಪಕರಣಗಳು ಹವಳದ ದಿಬ್ಬಕ್ಕೆ ಎಷ್ಟು ಬಾರಿ ತಗಲುತ್ತವೆ ಎಂದು ಎಣಿಸಿದ್ದರು. 2004ರಲ್ಲಿ ಪ್ರಕಟವಾದ ಆ ಅಧ್ಯಯನದ ಪ್ರಕಾರ, ಹಗಲಿನಲ್ಲಿ ಒಬ್ಬ ಡೈವರ್ ನಿಮಿಷಕ್ಕೆ ಸರಾಸರಿ 0.4 ಬಾರಿ, ಅಂದರೆ ಐದು ನಿಮಿಷಕ್ಕೆ ಎರಡು ಬಾರಿ ದಿಬ್ಬವನ್ನು ತಾಗುತ್ತಿದ್ದರೆ, ರಾತ್ರಿಯಲ್ಲಿ ಅದು ನಿಮಿಷಕ್ಕೆ ಒಂದು ಬಾರಿಗೆ ಏರಿತ್ತು. ಇದೇ ಲೆಕ್ಕವನ್ನು ಮುಂದುವರಿಸಿದರೆ, ಎಂಟು ಜನರ ಗುಂಪೊಂದು ಮುಕ್ಕಾಲು ಗಂಟೆ ನೀರಿನಲ್ಲಿದ್ದಾಗ ಹಗಲಿನಲ್ಲಿ 144 ಬಾರಿ, ರಾತ್ರಿಯಲ್ಲಿ 360 ಬಾರಿ ಹವಳಕ್ಕೆ ತಗಲಿರುತ್ತದೆ. ಈ ತಾಗುವಿಕೆಗಳಲ್ಲಿ ಬಹುಪಾಲು ಈಜಲೆಂದು ಕಾಲಿಗೆ ಕಟ್ಟಿಕೊಂಡ ಅಗಲವಾದ ರೆಕ್ಕೆಗಳಾದ ಫಿನ್‌ಗಳಿಂದ ಆದವು. ಎಂದರೆ, ಯಾರೂ ಬೇಕೆಂದು ಮಾಡಿದ್ದಲ್ಲ, ಬಹುಶಃ ಮಾಡಿದವರಿಗೆ ತಿಳಿದೂ ಇರಲಿಲ್ಲ.

ರಾತ್ರಿ ಡೈವಿಂಗ್ ಪರಿಸರಸ್ನೇಹಿಯಾಗಬೇಕು ಎಂಬ ಮಾತು ಬಂದಾಗ ಚರ್ಚೆ ಸಾಮಾನ್ಯವಾಗಿ ಕೊಳ್ಳುವ ವಸ್ತುಗಳ ಸುತ್ತ ತಿರುಗುತ್ತದೆ: ಯಾವ ಬಣ್ಣದ ಟಾರ್ಚ್, ಯಾವ ಸನ್‌ಸ್ಕ್ರೀನ್, ಸಿಲಿಂಡರ್‌ಗೆ ಕಟ್ಟುವ ಗುರುತಿನ ದೀಪ ಎಂಥದ್ದು. ಇವು ನಿರರ್ಥಕವೇನಲ್ಲ. ಆದರೆ ಮೇಲಿನ ಸಂಖ್ಯೆಗಳನ್ನು ಮುಂದಿಟ್ಟುಕೊಂಡು ನೋಡಿದರೆ, ಕತ್ತಲಲ್ಲಿ ಆಗುವ ಹಾನಿಯ ದೊಡ್ಡ ಪಾಲು ಡೈವರ್‌ನ ದೇಹದಿಂದ ಮತ್ತು ಆತನ ಟಾರ್ಚ್ ತಿರುಗುವ ದಿಕ್ಕಿನಿಂದ ಆಗುವಂಥದ್ದು, ಮತ್ತು ಅದನ್ನು ತಡೆಯುವ ನಿರ್ಧಾರಗಳಲ್ಲಿ ಹೆಚ್ಚಿನವು ನೀರಿಗೆ ಇಳಿಯುವ ಮೊದಲೇ ಆಗಬೇಕಾದವು ಎಂಬುದು ಈ ಲೇಖಕನ ಅಭಿಪ್ರಾಯ.

ರಾತ್ರಿಯಲ್ಲಿ ತಾಗುವಿಕೆ ಏಕೆ ಹೆಚ್ಚುತ್ತದೆ ಎಂಬುದನ್ನು ಊಹಿಸುವುದು ಕಷ್ಟವಲ್ಲ. ಹಗಲಿನಲ್ಲಿ ಡೈವರ್‌ಗೆ ಕಣ್ಣಂಚಿನ ನೋಟವಿರುತ್ತದೆ; ಎಡಕ್ಕೆ ಬಂಡೆಯಿದೆ, ಕೆಳಗೆ ಬೀಸಣಿಗೆ ಹವಳವಿದೆ ಎಂಬುದು ಗಮನವಿಟ್ಟು ನೋಡದಿದ್ದರೂ ಮನಸ್ಸಿಗೆ ತಿಳಿಯುತ್ತಿರುತ್ತದೆ. ರಾತ್ರಿಯಲ್ಲಿ ಲೋಕವೆಲ್ಲ ಟಾರ್ಚಿನ ಬೆಳಕು ಬಿದ್ದಷ್ಟೇ ಅಗಲಕ್ಕೆ ಕುಗ್ಗುತ್ತದೆ. ಮುಂದೆ ಚಾಚಿದ ಕೈಯಲ್ಲಿ ಬೆಳಕು, ಹಿಂದೆ ಚಾಚಿದ ಕಾಲಿನ ಬಳಿ ಕಗ್ಗತ್ತಲು. ನೀರಿನ ಮೇಲ್ಮೈ ಕಾಣುವುದಿಲ್ಲವಾದ್ದರಿಂದ ದೇಹ ಏರುತ್ತಿದೆಯೋ ಇಳಿಯುತ್ತಿದೆಯೋ ಎಂಬ ಅಂದಾಜೂ ಸಡಿಲವಾಗುತ್ತದೆ. ಇದರ ಮೇಲೆ, ಸಣ್ಣ ಸಿಗಡಿಯೋ ಏಡಿಯೋ ಕಂಡ ಕೂಡಲೇ ಹತ್ತಿರದಿಂದ ನೋಡಲು ತಲೆ ತಗ್ಗಿಸುವ ಸಹಜ ಚಲನೆಯೊಂದಿದೆ. ತಲೆ ತಗ್ಗಿದಾಗ ಸಮತೋಲ ತಪ್ಪುತ್ತದೆ, ಅದನ್ನು ಸರಿಪಡಿಸಲು ಕಾಲು ಬಡಿಯುತ್ತದೆ, ಕಾಲು ಎಲ್ಲಿ ಬಡಿಯಿತೆಂದು ಯಾರಿಗೂ ಕಾಣುವುದಿಲ್ಲ.

ಹವಳದ ಕಡೆಯಿಂದ ನೋಡಿದರೆ ಸಂಗತಿ ಇನ್ನೂ ಸೂಕ್ಷ್ಮವಾದದ್ದು. ದಿಬ್ಬ ಕಟ್ಟುವ ಹವಳಗಳಲ್ಲಿ ಹಲವು ಜಾತಿಗಳು ಹಗಲಿನಲ್ಲಿ ತಮ್ಮ ಮೃದು ದೇಹವನ್ನು ಸುಣ್ಣದ ಬಟ್ಟಲಿನೊಳಗೆ ಎಳೆದುಕೊಂಡಿದ್ದು, ಕತ್ತಲಾದ ಮೇಲೆ ತೇಲಿಬರುವ ಸೂಕ್ಷ್ಮಜೀವಿಗಳನ್ನು ಹಿಡಿಯಲು ಎಳೆಗೈಗಳನ್ನು ಹೊರಚಾಚುತ್ತವೆ. ಆ ಹೊತ್ತಿಗೆ ಆಳದಲ್ಲಿ ಹಗಲು ಕಳೆದ, ಪ್ಲಾಂಕ್ಟನ್ ಎನ್ನುವ ಈ ತೇಲುಜೀವಿಗಳು ಮೇಲಿನ ನೀರಿಗೆ ಏರಿ ಬರುತ್ತಿರುತ್ತವೆ. ಜೀವರಾಶಿಯ ತೂಕದಲ್ಲಿ ಅಳೆದರೆ ಭೂಮಿಯ ಮೇಲೆ ಪ್ರತಿದಿನ ನಡೆಯುವ ಅತಿ ದೊಡ್ಡ ವಲಸೆ ಇದು. ಹೀಗಾಗಿ ರಾತ್ರಿಯೆಂಬುದು ಆ ಹವಳಗಳ ಊಟದ ಹೊತ್ತು. ಹಗಲಿನಲ್ಲಿ ಗಟ್ಟಿ ಸುಣ್ಣಕ್ಕೆ ತಗಲುತ್ತಿದ್ದ ಅದೇ ಫಿನ್ ಈಗ ಬಿಚ್ಚಿದ ಜೀವಂತ ಅಂಗಾಂಶಕ್ಕೆ ತಗಲುತ್ತದೆ. ಫಿನ್ ತಗಲದೆ ಬರಿದೆ ಮರಳನ್ನು ಎಬ್ಬಿಸಿದರೂ, ಆ ಮರಳು ಹವಳದ ಮೇಲೆ ಕೂರುತ್ತದೆ, ಅದನ್ನು ಲೋಳೆಯಲ್ಲಿ ಸುತ್ತಿ ಹೊರಹಾಕಲು ಹವಳ ಶಕ್ತಿ ವ್ಯಯಿಸಬೇಕಾಗುತ್ತದೆ.

ಆದ್ದರಿಂದ ರಾತ್ರಿ ಡೈವ್‌ನ ಮೊದಲ ಅರ್ಹತೆ ತೇಲುವ ಹದ, ಅಂದರೆ ಏರದೆ ಇಳಿಯದೆ ನೀರಿನ ನಡುವೆ ನಿಲ್ಲುವ ಹಿಡಿತ. ಇದು ಹಗಲಿನಲ್ಲೇ ಕೈವಶವಾಗಿರಬೇಕು. ಕತ್ತಲಲ್ಲಿ ಕಲಿಯುವ ವಿದ್ಯೆ ಇದಲ್ಲ. ಮುಳುಗಲು ಬೇಕಾದ ಸೀಸದ ತೂಕವನ್ನು ಸೊಂಟಕ್ಕೆ ಅಗತ್ಯಕ್ಕಿಂತ ಹೆಚ್ಚು ಕಟ್ಟಿಕೊಂಡವರು ಕಾಲು ಕೆಳಗಾಗಿ ಓರೆಯಾಗಿ ಈಜುತ್ತಾರೆ, ಓರೆಯಾದ ದೇಹದ ಫಿನ್‌ಗಳು ಪ್ರತಿ ಬಡಿತಕ್ಕೂ ನೀರನ್ನು ತಳಕ್ಕೆ ತಳ್ಳುತ್ತವೆ. ತೂಕವನ್ನು ಸರಿಯಾಗಿ ಪರೀಕ್ಷಿಸಿಕೊಂಡು, ದೇಹವನ್ನು ಮಲಗಿದಂತೆ ಅಡ್ಡವಾಗಿಟ್ಟು, ಮೇಲೆ ಕೆಳಗೆ ಬಡಿಯುವ ಬದಲು ಕಪ್ಪೆಯಂತೆ ಕಾಲನ್ನು ಅಗಲಿಸಿ ಹಿಂದಕ್ಕೆ ತಳ್ಳುವ ಕ್ರಮವನ್ನು ರೂಢಿಸಿಕೊಂಡರೆ ಅರ್ಧ ಸಮಸ್ಯೆ ಅಲ್ಲಿಗೇ ಮುಗಿಯುತ್ತದೆ. ಜೋತಾಡುವ, ಗಾಳಿಯ ಒತ್ತಡ ತೋರಿಸುವ ಪ್ರೆಷರ್ ಗೇಜ್ ಮತ್ತು ಉಸಿರಾಟದ ಹೆಚ್ಚುವರಿ ರೆಗ್ಯುಲೇಟರನ್ನು ಎದೆಗೆ ಸಿಕ್ಕಿಸಿಕೊಳ್ಳಬೇಕು, ಏಕೆಂದರೆ ಎಳೆದಾಡುವ ಕೊಳವೆ ಹವಳದ ಕೊಂಬೆಗೆ ಸಿಕ್ಕಿದ್ದು ಕತ್ತಲಲ್ಲಿ ಗೊತ್ತಾಗುವುದು ಕೊಂಬೆ ಮುರಿದ ಮೇಲೆ. ಇಳಿಯುವುದೂ ಹಗ್ಗ ಹಿಡಿದು, ಮರಳಿನ ಹರವಿನ ಮೇಲೆ ಆಗಬೇಕೇ ಹೊರತು ದಿಬ್ಬದ ನೆತ್ತಿಯ ಮೇಲಲ್ಲ. ಮೊದಲ ಬಾರಿಗೆ ರಾತ್ರಿ ಇಳಿಯುವವರು ಅದೇ ಜಾಗವನ್ನು ಅದೇ ದಿನ ಹಗಲಿನಲ್ಲಿ ಒಮ್ಮೆ ನೋಡಿರಬೇಕು ಎಂಬ ಹಳೆಯ ಸಲಹೆಯನ್ನು ಸುರಕ್ಷತೆಯ ದೃಷ್ಟಿಯಿಂದ ಹೇಳಲಾಗುತ್ತದೆ. ಹವಳದ ದೃಷ್ಟಿಯಿಂದಲೂ ಅದು ಅಷ್ಟೇ ಸರಿ.

ಸೇಂಟ್ ಲೂಸಿಯಾದ ಅಧ್ಯಯನದಲ್ಲಿ ಇನ್ನೊಂದು ಫಲಿತಾಂಶವಿದ್ದು, ಅದಕ್ಕೆ ಸಿಗಬೇಕಾದಷ್ಟು ಗಮನ ಸಿಕ್ಕಿಲ್ಲ. ಡೈವ್‌ಗೆ ಮುನ್ನ ಕೊಡುವ ವಿವರಣೆಯಲ್ಲಿ 'ಹವಳವನ್ನು ಮುಟ್ಟಬೇಡಿ' ಎಂಬ ಒಂದು ವಾಕ್ಯವನ್ನು ಸೇರಿಸಿದ್ದರಿಂದ ಡೈವರ್‌ಗಳ ನಡವಳಿಕೆಯಲ್ಲಿ ಏನೂ ವ್ಯತ್ಯಾಸವಾಗಲಿಲ್ಲ. ಆದರೆ ನೀರಿನೊಳಗೆ ಯಾರಾದರೂ ತಾಗಿದ್ದನ್ನು ಕಂಡ ಕೂಡಲೇ ಡೈವ್ ನಾಯಕ ಮಧ್ಯೆ ಪ್ರವೇಶಿಸಿ ತಿದ್ದಿದಾಗ ತಾಗುವಿಕೆ ನಿಮಿಷಕ್ಕೆ 0.3ರಿಂದ 0.1ಕ್ಕೆ ಇಳಿಯಿತು. ಅಂದರೆ ಮೇಲೆ ಹೇಳಿದ ಉಪದೇಶಕ್ಕಿಂತ ಕೆಳಗೆ ಮಾಡಿದ ಸನ್ನೆ ಬಹಳ ಪಾಲು ಹೆಚ್ಚು ಫಲಕಾರಿ. ಇದರಿಂದ ಹೊರಡುವ ತೀರ್ಮಾನ ನೇರವಾದದ್ದು: ನಾಯಕ ತಿದ್ದಬೇಕಾದರೆ ನೋಡಬೇಕು, ನೋಡಬೇಕಾದರೆ ಗುಂಪು ಚಿಕ್ಕದಿರಬೇಕು, ಅದರಲ್ಲೂ ಕತ್ತಲಲ್ಲಿ ಇನ್ನೂ ಚಿಕ್ಕದಿರಬೇಕು. ಎಂಟು ಟಾರ್ಚ್‌ಗಳ ನಡುವೆ ಯಾರ ಫಿನ್ ಎಲ್ಲಿ ಬಡಿಯಿತೆಂದು ಯಾವ ನಾಯಕನೂ ಕಾಣಲಾರ, ನಾಲ್ವರಿದ್ದರೆ ಕಾಣಬಹುದು. ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮ ಮತ್ತು ರೀಫ್-ವರ್ಲ್ಡ್ ಫೌಂಡೇಶನ್ 2004ರಲ್ಲಿ ಆರಂಭಿಸಿದ ಗ್ರೀನ್ ಫಿನ್ಸ್ ಎಂಬ ಕಾರ್ಯಕ್ರಮ ಡೈವಿಂಗ್ ಸಂಸ್ಥೆಗಳಿಗಾಗಿ 15 ಅಂಶಗಳ ನೀತಿಸಂಹಿತೆಯನ್ನು ರೂಪಿಸಿದ್ದು, ಸಂಸ್ಥೆಗಳು ಅದನ್ನು ಪಾಲಿಸುತ್ತಿವೆಯೇ ಎಂದು ಪರಿಶೀಲಿಸುವ ಪದ್ಧತಿಯನ್ನೂ ಇಟ್ಟುಕೊಂಡಿದೆ. ನೀತಿಸಂಹಿತೆಗಿಂತ ಆ ಪರಿಶೀಲನೆಯೇ ಮುಖ್ಯ ಎಂದು ನನಗೆ ತೋರುತ್ತದೆ.

ಇನ್ನು ಬೆಳಕಿನ ವಿಚಾರ. ತಿಳಿಯಾದ ಆಕಾಶದ ಹುಣ್ಣಿಮೆಯ ಬೆಳದಿಂಗಳು ನೆಲದ ಮೇಲೆ, ಬಿದ್ದ ಬೆಳಕಿನ ಅಳತೆಯಾದ ಲಕ್ಸ್ ಲೆಕ್ಕದಲ್ಲಿ, ಹೆಚ್ಚೆಂದರೆ 0.3 ಲಕ್ಸ್‌ನಷ್ಟಿರುತ್ತದೆ, ನೀರಿನ ಆಳದಲ್ಲಿ ಇನ್ನೂ ಕಡಿಮೆ. ಸಾಧಾರಣವೆನ್ನಬಹುದಾದ 1000 ಲ್ಯೂಮೆನ್‌ನ ಟಾರ್ಚಿನ ಬೆಳಕೆಲ್ಲ ಒಂದು ಚದರ ಮೀಟರ್ ಜಾಗದ ಮೇಲೆ ಬಿದ್ದರೆ ಅಲ್ಲಿ 1000 ಲಕ್ಸ್ ಆಗುತ್ತದೆ. ನೀರು ಹೀರಿಕೊಳ್ಳುವುದನ್ನು ಬದಿಗಿಟ್ಟರೆ, ಇದು ಹುಣ್ಣಿಮೆಗಿಂತ ಮೂರು ಸಾವಿರ ಪಟ್ಟು ಹೆಚ್ಚು. ಅಮಾವಾಸ್ಯೆಯ ಕತ್ತಲಿಗೆ ಹೊಂದಿಕೊಂಡ ಕಣ್ಣಿಗೆ ಇದು ಏನಾಗಿ ಕಾಣಬಹುದು ಎಂಬುದನ್ನು ಯೋಚಿಸಬೇಕು. ಹೆಚ್ಚಿನ ಎಲುಬುಮೀನುಗಳಿಗೆ ಮುಚ್ಚಿಕೊಳ್ಳುವ ರೆಪ್ಪೆಯಿಲ್ಲ, ಹಲವಕ್ಕೆ ನಮ್ಮಂತೆ ಕುಗ್ಗುವ ಪಾಪೆಯೂ ಇಲ್ಲ. ಅವುಗಳ ಅಕ್ಷಿಪಟಲದ ಕೋಶಗಳೇ ಸ್ಥಾನ ಬದಲಿಸಿ ಬೆಳಕಿಗೂ ಕತ್ತಲಿಗೂ ಹೊಂದಿಕೊಳ್ಳಬೇಕು, ಅದಕ್ಕೆ ಹತ್ತಾರು ನಿಮಿಷ ಬೇಕು. ಡೈವರ್ ಹತ್ತು ಸೆಕೆಂಡು ನೋಡಿ ಮುಂದೆ ಹೋಗುತ್ತಾನೆ, ಮೀನು ಮಾತ್ರ ಬಹಳ ಹೊತ್ತು ಅರೆಗುರುಡಾಗಿ ಉಳಿಯುತ್ತದೆ.

ಮಲಗಿದ ಮೀನನ್ನು ಎಬ್ಬಿಸುವುದು ಸಣ್ಣ ತಪ್ಪಿನಂತೆ ಕಾಣಬಹುದು. ಗಿಳಿಮೀನಿನ ಉದಾಹರಣೆ ನೋಡಿ. ಅದರ ಕೆಲವು ಜಾತಿಗಳು ರಾತ್ರಿ ಮಲಗುವ ಮೊದಲು ಬಾಯಿಯ ಬಳಿಯಿಂದ ಲೋಳೆಯನ್ನು ಸ್ರವಿಸಿ ತಮ್ಮ ಸುತ್ತ ಪಾರದರ್ಶಕವಾದ ಗೂಡೊಂದನ್ನು ಕಟ್ಟಿಕೊಳ್ಳುತ್ತವೆ. ರಕ್ತ ಹೀರುವ ನ್ಯಾಥಿಡ್ ಎಂಬ ಸಣ್ಣ ಪರಾವಲಂಬಿಗಳಿಂದ ಈ ಗೂಡು ರಕ್ಷಣೆ ಕೊಡುತ್ತದೆಂದು ಪ್ರಯೋಗಗಳಿಂದ ತಿಳಿದಿದ್ದು, ಸಂಶೋಧಕರು ಇದನ್ನು ಕಡಲಿನ ಸೊಳ್ಳೆಪರದೆ ಎಂದೇ ಕರೆದಿದ್ದಾರೆ. ಬೆಳಕಿಗೋ ಕೈಗೋ ಬೆಚ್ಚಿದ ಮೀನು ಗೂಡನ್ನು ಹರಿದು ಹೊರಗೋಡುತ್ತದೆ, ಕತ್ತಲಲ್ಲಿ ಬಂಡೆಗೆ ಬಡಿದುಕೊಳ್ಳುತ್ತದೆ, ಉಳಿದ ರಾತ್ರಿಯನ್ನು ಪರದೆಯಿಲ್ಲದೆ ಕಳೆಯುತ್ತದೆ. ಒಂದೇ ದಿಬ್ಬಕ್ಕೆ ಪ್ರತಿ ರಾತ್ರಿಯೂ ಹಲವು ಗುಂಪುಗಳು ಬಂದರೆ ಆ ದಿಬ್ಬದ ಮೀನುಗಳಿಗೆ ನಿದ್ದೆಯೆಂಬುದೇ ಉಳಿಯುವುದಿಲ್ಲ.

ಬೇಟೆಯ ಲೆಕ್ಕಾಚಾರವನ್ನೂ ಟಾರ್ಚ್ ಕೆಡಿಸುತ್ತದೆ. ಕೆರಿಬಿಯನ್‌ನ ಬೊನೇರ್ ದ್ವೀಪದಲ್ಲಿ ದೊಡ್ಡ ಟಾರ್ಪನ್ ಮೀನುಗಳು ರಾತ್ರಿ ಡೈವರ್‌ಗಳ ಬೆನ್ನ ಹಿಂದೆಯೇ ಬಂದು, ಟಾರ್ಚಿನ ಬೆಳಕು ಯಾವ ಸಣ್ಣ ಮೀನಿನ ಮೇಲೆ ನಿಲ್ಲುತ್ತದೋ ಅದನ್ನು ನುಂಗುವುದು ಅಲ್ಲಿ ಇಳಿದವರಿಗೆಲ್ಲ ಪರಿಚಿತ ದೃಶ್ಯ. ಲಯನ್‌ಫಿಶ್‌ಗಳೂ ಇದೇ ಉಪಾಯವನ್ನು ಕಲಿತಿವೆ. ಬೇಕೆಂದೇ ಮೀನೊಂದನ್ನು ತೋರಿಸಿ ತಿನ್ನಿಸುವ ಡೈವರ್‌ಗಳು ಇದ್ದಾರೆ. ಅದು ಅವರಿಗೆ ಮೋಜು. ಬೇಟೆಗಾರ ಮೀನು ಹತ್ತಿರದಲ್ಲಿದೆ ಎಂದು ತಿಳಿದಾಗ ಟಾರ್ಚನ್ನು ಯಾವ ಜೀವಿಯ ಮೇಲೂ ನಿಲ್ಲಿಸದೆ ಮರಳಿನ ಕಡೆಗೆ ಇಳಿಸುವುದೇ ಸರಿಯಾದ ಕ್ರಮ.

ಕೆಂಪು ಬೆಳಕು ಇದಕ್ಕೆಲ್ಲ ಪರಿಹಾರವೆಂಬ ನಂಬಿಕೆ ಡೈವರ್‌ಗಳಲ್ಲಿ ವ್ಯಾಪಕವಾಗಿದೆ, ಅದರಲ್ಲಿ ಸತ್ಯಾಂಶವೂ ಇದೆ. ನೀರು ಕೆಂಪನ್ನು ಬಲು ಬೇಗ ಹೀರಿಕೊಳ್ಳುತ್ತದೆ. ಸೂರ್ಯನ ಬೆಳಕಿನ ಕೆಂಪು ಭಾಗ ಹತ್ತು ಮೀಟರ್ ಆಳ ತಲುಪುವಷ್ಟರಲ್ಲಿ ಬಹುತೇಕ ಇಂಗಿಹೋಗಿರುತ್ತದೆ. ಕೆಂಪೇ ಇಲ್ಲದ ಲೋಕದಲ್ಲಿ ವಿಕಾಸಗೊಂಡ ಅನೇಕ ಜೀವಿಗಳ ಕಣ್ಣು ಆ ಬಣ್ಣಕ್ಕೆ ಮಂದವಾಗಿರುತ್ತದೆ, ಹಾಗಾಗಿ ಕೆಂಪು ಬೆಳಕಿನಲ್ಲಿ ಆಕ್ಟೋಪಸ್ ಮತ್ತು ಸಿಗಡಿಗಳು ತಮ್ಮ ಕೆಲಸವನ್ನು ನಿಲ್ಲಿಸದೆ ಮುಂದುವರಿಸುವುದನ್ನು ಕಾಣಬಹುದು. ಆದರೆ ಎಲ್ಲ ಜೀವಿಗಳೂ ಹೀಗಿಲ್ಲ. ಕೆಂಪನ್ನು ಕಾಣಬಲ್ಲ ಮೀನುಗಳೂ ಇವೆ. ಮೇಲಾಗಿ ಕೆಂಪು ಬೆಳಕಿನಲ್ಲಿ ಡೈವರ್‌ಗೆ ಕಾಣುವ ದೂರ ಬಹಳ ಕಡಿಮೆ, ಅದರಿಂದ ಹವಳಕ್ಕೆ ಡಿಕ್ಕಿ ಹೊಡೆಯುವ ಸಂಭವ ಹೆಚ್ಚು. ಹಾಗಾಗಿ ಈಜಿ ಸಾಗುವಾಗ ಅಗಲವಾಗಿ ಹರಡುವ ಮಂದ ಬಿಳಿ ಬೆಳಕು, ಒಂದೆಡೆ ನಿಂತು ನೋಡುವಾಗ ಕೆಂಪು ಎಂಬ ವಿಂಗಡಣೆ ಹೆಚ್ಚು ಸಮಂಜಸ. ಬಿಳಿ ಬೆಳಕನ್ನೂ ಜೀವಿಯ ಮೇಲೆ ನೇರವಾಗಿ ಬಿಡದೆ, ಪಕ್ಕದ ಮರಳಿನ ಮೇಲೆ ಬಿಟ್ಟು ಅದರ ಅಂಚಿನ ಬೆಳಕಿನಲ್ಲಿ ನೋಡಿದರೆ ಜೀವಿಯೂ ಹೆಚ್ಚು ಹೊತ್ತು ನಿಲ್ಲುತ್ತದೆ. ಬುಟ್ಟಿಯಂತೆ ಹರಡಿಕೊಂಡು ಪ್ಲಾಂಕ್ಟನ್ ಹಿಡಿಯುವ ಬಾಸ್ಕೆಟ್ ಸ್ಟಾರ್ ಎಂಬ ಜೀವಿ ನೇರ ಬೆಳಕು ಬಿದ್ದ ಕೂಡಲೇ ತನ್ನ ತೋಳುಗಳನ್ನೆಲ್ಲ ಸುರುಳಿ ಸುತ್ತಿಕೊಳ್ಳುತ್ತದೆ. ಅದರ ನಿಜವಾದ ರೂಪವನ್ನು ಕಂಡವರು ಟಾರ್ಚನ್ನು ತಗ್ಗಿಸಿದವರು ಮಾತ್ರ.

ಕೆಂಪಿಗೆ ವಿರುದ್ಧವಾದದ್ದು ನೀಲಿಯ ಕಥೆ. ನೀರಿನಲ್ಲಿ ಅತಿ ದೂರ ಸಾಗುವ ಬಣ್ಣ ನೀಲಿ, ಹವಳಗಳು ತೀರ ಸೂಕ್ಷ್ಮವಾಗಿ ಗ್ರಹಿಸುವ ಬಣ್ಣವೂ ಅದೇ. ನೀಲಿ ಬೆಳಕನ್ನು ಗ್ರಹಿಸುವ ಕ್ರಿಪ್ಟೋಕ್ರೋಮ್ ಎಂಬ ಪ್ರೋಟೀನ್‌ಗಳು ಹವಳದಲ್ಲಿರುವುದನ್ನೂ ಬೆಳದಿಂಗಳಿಗೆ ಅನುಗುಣವಾಗಿ ಅವುಗಳಲ್ಲೊಂದರ ಜೀನ್‌ನ ಚಟುವಟಿಕೆ ಬದಲಾಗುವುದನ್ನೂ 2007ರಲ್ಲಿ ವರದಿ ಮಾಡಲಾಯಿತು. ಇದು ಏಕೆ ಮುಖ್ಯವೆಂದರೆ, ಹವಳದ ಸಂತಾನೋತ್ಪತ್ತಿಯ ಗಡಿಯಾರ ನಡೆಯುವುದು ಚಂದ್ರನ ಬೆಳಕಿನಿಂದ. ಆಸ್ಟ್ರೇಲಿಯಾದ ಗ್ರೇಟ್ ಬ್ಯಾರಿಯರ್ ರೀಫ್‌ನಲ್ಲಿ ಹತ್ತಾರು ಜಾತಿಯ ಹವಳಗಳು ವಸಂತಕಾಲದ ಹುಣ್ಣಿಮೆ ಕಳೆದ ಕೆಲವೇ ರಾತ್ರಿಗಳಲ್ಲಿ ಒಟ್ಟಾಗಿ ಅಂಡ ಮತ್ತು ವೀರ್ಯದ ಗಂಟುಗಳನ್ನು ನೀರಿಗೆ ಬಿಡುವುದನ್ನು 1980ರ ದಶಕದ ಆರಂಭದಲ್ಲಿ ಕಂಡುಹಿಡಿದು 1984ರಲ್ಲಿ ಪ್ರಕಟಿಸಲಾಯಿತು. ಇಂದು ಅದನ್ನು ನೋಡಲೆಂದೇ ರಾತ್ರಿ ಡೈವ್‌ಗಳು ಏರ್ಪಡುತ್ತವೆ. ನೆರೆಹೊರೆಯ ಹವಳಗಳೆಲ್ಲ ಒಂದೇ ಹೊತ್ತಿಗೆ ಬಿಟ್ಟರೆ ಮಾತ್ರ ಅಂಡಕ್ಕೆ ವೀರ್ಯ ಸಿಗುತ್ತದೆ, ಹೊತ್ತು ತಪ್ಪಿದರೆ ವರ್ಷದ ಫಸಲು ವ್ಯರ್ಥ. ಕೃತಕ ಬೆಳಕಿಗೆ ಒಡ್ಡಿಕೊಂಡ ಹವಳಗಳು ಹುಣ್ಣಿಮೆಗೆ ಒಂದರಿಂದ ಮೂರು ದಿನ ಹತ್ತಿರವಾಗಿ, ಅಂದರೆ ಅವಧಿಗೆ ಮುನ್ನವೇ ಬಿಡುತ್ತಿವೆ ಎಂದು 2023ರಲ್ಲಿ ಪ್ರಕಟವಾದ ಜಾಗತಿಕ ವಿಶ್ಲೇಷಣೆಯೊಂದು ತೋರಿಸಿತು.

ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ಆ ವಿಶ್ಲೇಷಣೆ ಕರಾವಳಿಯ ಊರುಗಳು ರಾತ್ರಿಯಿಡೀ ಚೆಲ್ಲುವ ಬೆಳಕಿನದು, ಡೈವರ್ ಹಿಡಿದ ಟಾರ್ಚಿನದಲ್ಲ. ಒಂದು ಟಾರ್ಚು ಹವಳದ ಪಂಚಾಂಗವನ್ನೇ ಬದಲಿಸುತ್ತದೆ ಎಂದು ಅದರಿಂದ ವಾದಿಸುವುದು ಉತ್ಪ್ರೇಕ್ಷೆಯಾದೀತು. ಆದರೆ ಪ್ರತಿ ರಾತ್ರಿ ಒಂದೇ ದಿಬ್ಬದ ಮೇಲೆ ನಿಂತು, ಡೆಕ್ಕಿನ ಪ್ರಖರ ದೀಪಗಳನ್ನು ಗಂಟೆಗಟ್ಟಲೆ ಉರಿಸುವ ದೋಣಿ ಟಾರ್ಚಿನ ವರ್ಗಕ್ಕೆ ಸೇರುವುದಿಲ್ಲ, ಊರಿನ ವರ್ಗಕ್ಕೆ ಸೇರುತ್ತದೆ. ಹವಳ ಬಿಡುವ ರಾತ್ರಿಗಳಲ್ಲಿ ಕಡಿಮೆ ಜನ, ಮಂದ ಬೆಳಕು, ಬಿಡುವ ಮೊದಲಿನ ಹೊತ್ತಿನಲ್ಲಿ ಟಾರ್ಚನ್ನು ಹವಳದಿಂದ ಆಚೆಗೆ ತಿರುಗಿಸಿಡುವುದು, ಮೇಲೇರುವ ಗಂಟುಗಳ ನಡುವೆ ಫಿನ್ ಬಡಿಯದಿರುವುದು ಇಷ್ಟಾದರೂ ಪಾಲನೆಯಾಗಬೇಕು. ಹವಳ ಹೊಳೆಯುವುದನ್ನು ತೋರಿಸಲು ಬಳಸುವ ತೀವ್ರ ನೀಲಿ ಟಾರ್ಚ್‌ಗಳನ್ನು ಆ ವಾರ ದೋಣಿಯಲ್ಲೇ ಬಿಡುವುದು ಲೇಸು.

ಬೆಳಕನ್ನೇ ನಂದಿಸುವುದು ರಾತ್ರಿ ಡೈವಿಂಗ್‌ನ ಅತ್ಯುತ್ತಮ ಭಾಗಗಳಲ್ಲೊಂದು ಎಂಬುದು ವಿಚಿತ್ರವಾದರೂ ನಿಜ. ಎಲ್ಲರೂ ಮರಳಿನ ಮೇಲೆ ಒಂದೆಡೆ ಸೇರಿ, ನಾಯಕನ ಸನ್ನೆಗೆ ಟಾರ್ಚನ್ನು ಎದೆಗೊತ್ತಿ ಹಿಡಿದು ಕೈ ಬೀಸಿದರೆ ಡೈನೋಫ್ಲಾಜೆಲೇಟ್ ಎಂಬ ಸೂಕ್ಷ್ಮಜೀವಿಗಳು ಕಿಡಿಗಳಂತೆ ಮಿನುಗುತ್ತವೆ. ಕೆರಿಬಿಯನ್‌ನಲ್ಲಿ ಎಳ್ಳಿನಷ್ಟು ಗಾತ್ರದ, ಆಸ್ಟ್ರಕಾಡ್ ಎಂಬ ಚಿಪ್ಪುಜೀವಿಗಳ ಗಂಡುಗಳು ಸಂಜೆ ಕವಿದು ಪೂರ್ತಿ ಕತ್ತಲಾದ ಮೇಲೆ, ಚಂದ್ರನಿಲ್ಲದ ಹೊತ್ತಿನಲ್ಲಿ, ಹೆಣ್ಣನ್ನು ಕರೆಯಲು ನೀಲಿ ಬೆಳಕಿನ ಚುಕ್ಕೆಗಳನ್ನು ಮಣಿಸರದಂತೆ ಪೋಣಿಸುತ್ತಾ ಏರುತ್ತವೆ. ಟಾರ್ಚ್ ಬಿದ್ದರೆ ಆ ಕರೆ ಅಲ್ಲಿಗೇ ನಿಲ್ಲುತ್ತದೆ.

ಬೆಳಕನ್ನೇ ಬಂಡವಾಳವಾಗಿಸಿಕೊಂಡ ಡೈವ್‌ಗಳ ಬಗ್ಗೆ ಒಂದೇ ಮಾತಿನ ತೀರ್ಪು ಕೊಡುವುದು ಕಷ್ಟ. ಹವಾಯಿಯ ಕೋನಾ ಕರಾವಳಿಯಲ್ಲಿ ಹೋಟೆಲೊಂದರ ದೀಪಗಳಿಗೆ ಪ್ಲಾಂಕ್ಟನ್ ಮುತ್ತಿಕೊಂಡು, ಅದನ್ನು ತಿನ್ನಲು ದೈತ್ಯ ತೊರಕೆಗಳಾದ ಮಾಂಟಾಗಳು ಬರತೊಡಗಿದ್ದರಿಂದ ಅಲ್ಲಿನ ಪ್ರಸಿದ್ಧ ರಾತ್ರಿ ಡೈವ್ ಹುಟ್ಟಿತು. ಈಗ ಡೈವರ್‌ಗಳು ತಳದಲ್ಲಿ ವೃತ್ತವಾಗಿ ಕುಳಿತು ಬೆಳಕನ್ನು ಮೇಲಕ್ಕೆ ಬಿಡುತ್ತಾರೆ, ಮಾಂಟಾಗಳು ಅವರ ತಲೆಯ ಮೇಲೆ ಸುಳಿದಾಡಿ ತಿನ್ನುತ್ತವೆ. ಡೈವರ್ ಒಂದೆಡೆ ಕದಲದೆ ಕುಳಿತಿರುವುದರಿಂದ ಬೆನ್ನಟ್ಟುವ ಪ್ರಶ್ನೆಯಿಲ್ಲ, ಮಾಂಟಾ ಬರುವುದೂ ಹೋಗುವುದೂ ಅದರ ಇಚ್ಛೆ. ಮೈಮೇಲಿನ ರಕ್ಷಕ ಲೋಳೆ ಹೋಗದಂತೆ ಅದನ್ನು ಮುಟ್ಟಬಾರದೆಂಬುದೂ ಅಲ್ಲಿ ಮೊದಲ ನಿಯಮ. ಇಷ್ಟರಮಟ್ಟಿಗೆ ಇದು ಮಾದರಿ. ಆದರೆ ಕಾಡುಪ್ರಾಣಿಯೊಂದು ರಾತ್ರಿಯ ಊಟಕ್ಕೆ ದೀಪವನ್ನು ಕಾಯುವುದನ್ನು ಕಲಿತಿದೆ ಎಂಬುದೂ, ಜನಪ್ರಿಯತೆ ಏರಿದಷ್ಟೂ ದೋಣಿಗಳು ಒಂದೇ ಜಾಗದಲ್ಲಿ ಕಿಕ್ಕಿರಿಯುತ್ತವೆ ಎಂಬುದೂ ಅಷ್ಟೇ ನಿಜ. ದೋಣಿಗಳ ಸಂಖ್ಯೆಗೆ ಕಟ್ಟುನಿಟ್ಟಿನ ಮಿತಿಯಿಲ್ಲದ ಕಡೆ ಇಂಥ ಡೈವನ್ನು ಪರಿಸರಸ್ನೇಹಿ ಎನ್ನಲು ನಾನು ಹಿಂಜರಿಯುತ್ತೇನೆ.

ಕ್ಯಾಮೆರಾ ಹಿಡಿದವರ ಬಗ್ಗೆ ಸಾರ್ವಜನಿಕ ಆಕ್ಷೇಪವೆಲ್ಲ ಫ್ಲ್ಯಾಶಿನ ಮೇಲೆ ಕೇಂದ್ರೀಕೃತವಾಗಿದೆ. ಕಡಲಕುದುರೆಯೂ ಸೇರಿದಂತೆ ತಳವಾಸಿ ಮೀನುಗಳ ಮೇಲೆ ನಡೆದು 2019ರಲ್ಲಿ ಪ್ರಕಟವಾದ ಅಧ್ಯಯನ ಹೇಳಿದ್ದು ಬೇರೆ: ಡೈವರ್ ಹತ್ತಿರವಿರುವುದರಿಂದ ಆಗುವ ತೊಂದರೆಗಿಂತ ಹೆಚ್ಚಿನದನ್ನು ಫ್ಲ್ಯಾಶ್ ಮಾಡಲಿಲ್ಲ, ನಿಜವಾಗಿ ಕಂಗೆಡಿಸಿದ್ದು ಚಿತ್ರಕ್ಕಾಗಿ ಜೀವಿಯನ್ನು ಮುಟ್ಟಿ ಸರಿಸಿದ್ದು. ಸೇಂಟ್ ಲೂಸಿಯಾದಲ್ಲಿಯೂ ಕ್ಯಾಮೆರಾ ಇದ್ದವರು ನಿಮಿಷಕ್ಕೆ 0.4 ಬಾರಿ, ಇಲ್ಲದವರು 0.1 ಬಾರಿ ದಿಬ್ಬವನ್ನು ತಾಗಿದ್ದರು. ರಾತ್ರಿ ಮತ್ತು ಕ್ಯಾಮೆರಾ ಎರಡೂ ಕೂಡಿದಾಗ ಏನಾಗುತ್ತದೆಂದು ಹೇಳಬೇಕಾಗಿಲ್ಲ. ರಾತ್ರಿ ಡೈವ್‌ಗೆ ಹೊಸಬರಾದವರು ಕ್ಯಾಮೆರಾವನ್ನು ಮೇಲೆಯೇ ಬಿಟ್ಟು ಇಳಿಯುವುದು ಒಳ್ಳೆಯದು.

ಉಳಿದ ಸಂಗತಿಗಳನ್ನು ಬೇಗ ಹೇಳಬಹುದು. ಕತ್ತಲಲ್ಲಿ ಎಸೆದ ಲಂಗರು ಎಲ್ಲಿ ಬೀಳುತ್ತದೆಂದು ಎಸೆದವನಿಗೂ ಕಾಣದು, ಆದ್ದರಿಂದ ದೋಣಿ ಕಟ್ಟಲು ಸ್ಥಿರವಾದ ಮೂರಿಂಗ್ ಬೋಯ್ ಇಲ್ಲದ ದಿಬ್ಬದಲ್ಲಿ ರಾತ್ರಿ ಡೈವ್ ಮಾಡಲೇಬಾರದು. ದಡದಿಂದ ಇಳಿಯುವವರು ಕಡಲಾಮೆ ಮೊಟ್ಟೆಯಿಡುವ ಮರಳದಂಡೆಯನ್ನು ಆ ಋತುವಿನಲ್ಲಿ ತಪ್ಪಿಸಬೇಕು, ಏಕೆಂದರೆ ಮೊಟ್ಟೆಯೊಡೆದು ಬಂದ ಮರಿಗಳು ಬೆಳಕನ್ನು ಕಂಡು ಕಡಲಿನ ದಿಕ್ಕು ತಪ್ಪುತ್ತವೆ. ಗುರುತಿಗೆಂದು ಕಟ್ಟಿಕೊಳ್ಳುವ, ಮುರಿದರೆ ಹೊಳೆಯುವ ರಾಸಾಯನಿಕ ಕಡ್ಡಿಗಳು ಒಂದೇ ರಾತ್ರಿಗೆ ಕಸವಾಗುವ ಪ್ಲಾಸ್ಟಿಕ್. ಬ್ಯಾಟರಿ ಬದಲಿಸಬಹುದಾದ ಸಣ್ಣ ಎಲ್‌ಇಡಿ ಅದೇ ಕೆಲಸ ಮಾಡುತ್ತದೆ. ಹವಳಕ್ಕೆ ಹಾನಿಕರವೆನ್ನಲಾದ ಆಕ್ಸಿಬೆಂಝೋನ್ ಎಂಬ ರಾಸಾಯನಿಕ ಇರುವ ಸನ್‌ಸ್ಕ್ರೀನನ್ನು ಪೆಸಿಫಿಕ್ ಸಾಗರದ ದ್ವೀಪರಾಷ್ಟ್ರ ಪಲಾವು 2020ರಿಂದ ನಿಷೇಧಿಸಿದೆ, ಹವಾಯಿಯಲ್ಲಿ 2021ರಿಂದ ವೈದ್ಯರ ಚೀಟಿಯಿಲ್ಲದೆ ಅದನ್ನು ಮಾರುವಂತಿಲ್ಲ. ಬಿಸಿಲೇ ಇಲ್ಲದ ರಾತ್ರಿ ಡೈವ್‌ನಲ್ಲಿ ಮಧ್ಯಾಹ್ನ ಹಚ್ಚಿದ್ದನ್ನು ತೊಳೆದುಕೊಂಡು ಇಳಿದರೆ ಸಾಕು.

ಇವುಗಳಲ್ಲಿ ಸನ್‌ಸ್ಕ್ರೀನ್, ಎಲ್‌ಇಡಿ ಮತ್ತು ಕೆಂಪು ಟಾರ್ಚ್ ಜಾಹೀರಾತಿಗೆ ಸುಲಭವಾಗಿ ಹೊಂದುತ್ತವೆ, ಏಕೆಂದರೆ ಅವುಗಳ ವೆಚ್ಚವನ್ನು ಗ್ರಾಹಕರೇ ಭರಿಸುತ್ತಾರೆ. ಎಂಟು ಜನಕ್ಕೆ ಒಬ್ಬನ ಬದಲು ಇಬ್ಬರು ನಾಯಕರನ್ನು ಇಳಿಸುವುದರ, ಹಗಲಿನ ಡೈವ್‌ನಲ್ಲಿ ಹದ ತಪ್ಪಿದವರನ್ನು ರಾತ್ರಿಯ ಪಟ್ಟಿಯಿಂದ ಕೈಬಿಡುವುದರ, ಒಂದು ದಿಬ್ಬಕ್ಕೆ ವಾರದಲ್ಲಿ ಕೆಲವು ರಾತ್ರಿ ಬಿಡುವು ಕೊಡುವುದರ ವೆಚ್ಚ ಬೀಳುವುದು ಡೈವಿಂಗ್ ಸಂಸ್ಥೆಯ ಮೇಲೆ. ಬುಕ್ ಮಾಡುವ ಮೊದಲು ಒಬ್ಬ ನಾಯಕನೊಂದಿಗೆ ಎಷ್ಟು ಜನ ಇಳಿಯುತ್ತಾರೆ ಎಂದು ಕೇಳಿದರೆ, ಆ ಸಂಸ್ಥೆ ಯಾವ ವೆಚ್ಚವನ್ನು ಭರಿಸಲು ಸಿದ್ಧವಿದೆ ಎಂಬುದು ಉತ್ತರದಲ್ಲೇ ತಿಳಿಯುತ್ತದೆ.